ಉಡುಪಿಯಿಂದ ಒಂದೂವರೆ ದಿನದ ಸಫಾರಿ: ಬಳಕೆದಾರರ ಕೈಪಿಡಿ

ಈ ಕೈಪಿಡಿಯನ್ನು ಹೆಬ್ರಿ ಮುಟ್ಟುವ ಮೊದಲೇ ಓದಿ ಮುಗಿಸಿ. ಆಮೇಲೆ ಘಾಟಿಯ ತಿರುವಿನಲ್ಲಿ ಓದಲು ಹೊರಟು ವಾಂತಿಯಾದರೆ ಅದಕ್ಕೆ ನಾವು ಜವಾಬ್ದಾರರಲ್ಲ.

ದಿನ ನಿಗದಿ

ಇಡೀ ಯೋಜನೆಯಲ್ಲಿ ಇದೇ ಕಠಿಣ. ಎಲೆ ಉದುರಿ, ಹಳ್ಳ ಬತ್ತಿ, ಪ್ರಾಣಿಗಳು ದೊಡ್ಡ ನೀರು ಹುಡುಕಿಕೊಂಡು ಬರುವ ಫೆಬ್ರವರಿಯಿಂದ ಮೇವರೆಗಿನ ದಿನಗಳು ಸಫಾರಿಗೆ ಪ್ರಶಸ್ತ. ನಮ್ಮಲ್ಲಿ ಮದುವೆ, ನೇಮ, ಬ್ರಹ್ಮಕಲಶ, ಹರಕೆ ಆಟಗಳಿಗೂ ಅವೇ ದಿನಗಳು ಪ್ರಶಸ್ತ. ಕಾಪುವಿನ ಚಿಕ್ಕಮ್ಮನಿಗೆ ಬಿಡುವಿರುವ ಶನಿವಾರ ಕಾರ್ಕಳದ ಭಾವನಿಗೆ ಎರಡು ಊಟ, ಒಂದು ಕೋಲ. ಮೇ ಕೊನೆಯಲ್ಲಿ ಪತ್ತನಾಜೆ ಬಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಎಲ್ಲರಿಗೂ ಒಟ್ಟಿಗೆ ಪುರುಸೊತ್ತಾಗುತ್ತದೆ. ಅಷ್ಟರಲ್ಲಿ ಮಳೆ ಹಿಡಿದು ಕಾಡು ಚಿಗುರಿ, ಹತ್ತು ಮಾರು ದೂರದ ಆನೆಯೂ ಕಾಣದಂತಾಗುತ್ತದೆ. ಇದಕ್ಕೆ ಪರಿಹಾರವಿಲ್ಲ. ಯಾವುದಾದರೂ ಒಂದು ಮದುವೆಯ ಊಟ ಬಿಡಿ; ಹೆಣ್ಣಿನ ಕಡೆಯದ್ದಾದರೆ ಮೊದಲು ಮನೆಯಲ್ಲಿ ಕೇಳಿಕೊಳ್ಳಿ.

ಕಾಡಿನ ಆಯ್ಕೆ

"ಅಷ್ಟು ದೂರ ಯಾಕೆ ಮಾರಾಯ್ರೆ, ಕುದುರೆಮುಖ ಇಲ್ಲೇ ಉಂಟಲ್ಲ?" ಎಂದು ಭಾವ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕಾರ್ಕಳದಿಂದ ಮಾಳ ದಾಟಿದರೆ 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಹೆಬ್ರಿ ದಾಟಿದರೆ ಸೋಮೇಶ್ವರ ಅಭಯಾರಣ್ಯ. ಆದರೆ ಇವು ನಿತ್ಯಹರಿದ್ವರ್ಣದ ಕಾಡುಗಳು. ವರ್ಷವಿಡೀ ಎಲೆ, ಹೆಜ್ಜೆಗೊಂದು ತೊರೆ. ಇಲ್ಲಿನ ಪ್ರಾಣಿಗೆ ನೀರಿಗಾಗಿ ಬಯಲಿಗೆ ಬಂದು ನಿಮ್ಮ ಜೀಪಿನೆದುರು ನಿಲ್ಲುವ ಅಗತ್ಯವೇ ಬೀಳುವುದಿಲ್ಲ. ಜೀಪಿನಲ್ಲಿ ಕೂತು ಮೃಗ ನೋಡುವ ಸುಖ ಘಟ್ಟದಾಚೆ, ಎಲೆ ಉದುರುವ ಕಾಡಿನಲ್ಲಿ. ನಮ್ಮ ಕಡೆಯಿಂದ ಒಂದೂವರೆ ದಿನದಲ್ಲಿ ಹೋಗಿಬರುವಂಥದ್ದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿಗೆ ಲಕ್ಕವಳ್ಳಿಯಿಂದ ಜೀಪೂ ಹೊರಡುತ್ತದೆ, ಹಿನ್ನೀರಿನಲ್ಲಿ ದೋಣಿಯೂ ಹೊರಡುತ್ತದೆ.

ಹುಲಿ ಕಾಣಲೇಬೇಕೆಂದು ಹಟ ಹಿಡಿಯುವ ಮಕ್ಕಳಿದ್ದರೆ ಶಿವಮೊಗ್ಗದ ತ್ಯಾವರೆಕೊಪ್ಪ. ಬೇಲಿಯೊಳಗಿನ ಹುಲಿ, ಸಿಂಹ, ತಪ್ಪಿಸಿಕೊಂಡು ಹೋಗುವಂತಿಲ್ಲ. ಮಂಗಳವಾರ ಮಾತ್ರ ಅವಕ್ಕೆ ರಜೆ.

ಜೊತೆಗಿರಬೇಕಾದ ವಸ್ತುಗಳು

ಬನ್ಸ್, ಚಟ್ನಿ, ಹಿಂದಿನ ರಾತ್ರಿಯ ಮೂಡೆ. ಕೋರಿ ರೊಟ್ಟಿಯ ರೊಟ್ಟಿ ವಾರಗಟ್ಟಲೆ ಕೆಡದ ಉತ್ತಮ ಪ್ರಯಾಣದ ಆಹಾರ ನಿಜ. ಆದರೆ ಜೀಪಿನಲ್ಲಿ ಒಂದು ತುಂಡು ಕಡಿದರೂ ಸಾಕು, ಕಡವೆ ಬಾಲ ಎತ್ತಿ ಓಡುತ್ತದೆ. ಅದನ್ನು ವಸತಿಯಲ್ಲೇ ಬಿಟ್ಟು ಹೋಗಿ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಚಿಕ್ಕಮ್ಮನ ಕನಕಾಂಬರ ಬಣ್ಣದ ಸೀರೆಯ ಬಗ್ಗೆ ಮಾತೆತ್ತುವ ಧೈರ್ಯ ಈ ಕೈಪಿಡಿಗಿಲ್ಲ.

ಚಾಲನೆ

ಮಣಿಪಾಲದವರು ಬೆಳಿಗ್ಗೆ 5ಕ್ಕೆ ಹೊರಡಬೇಕು. ಹಾಸ್ಟೆಲ್ಲಿನ ಹುಡುಗರನ್ನು ಸೇರಿಸಿಕೊಂಡಿದ್ದರೆ ರಾತ್ರಿ ಮಲಗಲು ಬಿಡಬೇಡಿ, ಎಬ್ಬಿಸುವ ಕೆಲಸ ಉಳಿಯುತ್ತದೆ. ಹಿರಿಯಡಕ, ಪೆರ್ಡೂರು ದಾಟಿ ಹೆಬ್ರಿ. ಕಾರ್ಕಳದ ಬಂಡಿ ಅಲ್ಲಿಯೇ ಬಂದು ಕೂಡಿಕೊಳ್ಳಲಿ. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು. ಎಲ್ಲರೂ ಸಾಮಾನ್ಯವಾಗಿ ಕಣ್ಣು ಮುಚ್ಚಿ ಲಿಂಬೆಹಣ್ಣು ಮೂಸುತ್ತಾ ಕೂರುವುದು ಇಲ್ಲಿಯೇ.

ಕಣ್ಣು ತೆರೆದುಕೊಳ್ಳಿ. ಹುಲಿ ರಷ್ಯಾದಲ್ಲೂ ಇದೆ, ಸುಮಾತ್ರಾದಲ್ಲೂ ಇದೆ. ಕರಿ ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು ಇರುವ ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಕಾಡಿನಲ್ಲಿ ಬದುಕಿಲ್ಲ, ಮತ್ತು ಅದು ಇರುವುದು ಇದೇ ಕಾಡಿನಲ್ಲಿ. ನೀವು ದುಡ್ಡು ಕೊಟ್ಟು ನೋಡಲು ಹೊರಟದ್ದಕ್ಕಿಂತ ಅಪರೂಪದ್ದು ಪುಕ್ಕಟೆಯಾಗಿ ಎದುರಾದೀತು. ಬಾಳೆಹಣ್ಣು ಮಾತ್ರ ಚೀಲದಲ್ಲೇ ಇರಲಿ. ರಸ್ತೆಗಿಳಿದು ಬೇಡುವುದನ್ನು ಕಲಿತ ಮಂಗ ಟಯರಿನಡಿ ಸಾಯುತ್ತದೆ.

ತೀರ್ಥಹಳ್ಳಿ, ಮಂಡಗದ್ದೆ ಕಳೆದು ಸಕ್ರೆಬೈಲು. ಬಿಡಾರದ ಆನೆಗಳ ಸ್ನಾನ ಬೆಳಗಿನ ಹೊತ್ತಿನಲ್ಲಿ. ತೀರ್ಥಹಳ್ಳಿಯಲ್ಲಿ ತಿಂಡಿಗೆ ಕೂತು ಯಾರ ದೋಸೆ ಚೆನ್ನ ಎಂಬ ಚರ್ಚೆಗಿಳಿದರೆ ಒದ್ದೆ ದಡ ಮಾತ್ರ ಸಿಗುತ್ತದೆ.

ದೋಷ ನಿವಾರಣೆ

ಹುಲಿ ಕಾಣಲಿಲ್ಲ: ಇದು ದೋಷವಲ್ಲ, ವಾಡಿಕೆ. ವಿಟ್ಲಪಿಂಡಿಯಲ್ಲಿ ತಾಸೆಯ ಪೆಟ್ಟಿಗೆ ಕುಣಿಯುತ್ತಾ ಮನೆಯಂಗಳಕ್ಕೇ ಬರುವ ಹುಲಿ ನೋಡಿ ಬೆಳೆದವರಿಗೆ ಸದ್ದಿಲ್ಲದ ಹುಲಿಯನ್ನು ಗುರುತಿಸುವ ಅಭ್ಯಾಸ ತಡವಾಗಿ ಬರುತ್ತದೆ.

ಗೈಡ್ ಹಕ್ಕಿ ಮಾತ್ರ ತೋರಿಸುತ್ತಿದ್ದಾರೆ: ನೋಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರೀವ ಹಕ್ಕಿಗಳು ಬರಿನೆಲದ ಮೇಲೆ ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ನನ್ನನ್ನು ಕೇಳಿದರೆ ಭದ್ರೆಯಲ್ಲಿ ಜೀಪಿಗಿಂತ ದೋಣಿಯೇ ಒಂದು ಕೈ ಮೇಲು.

ಭಾವ ಜೀಪಿನಲ್ಲಿ ಫೋನೆತ್ತಿ ಮಾತಾಡುತ್ತಿದ್ದಾರೆ: ಒಳಗೆ ಹೋದಂತೆ ನೆಟ್‌ವರ್ಕ್ ತಾನಾಗಿಯೇ ಹೋಗುತ್ತದೆ. ಸ್ವಲ್ಪ ತಾಳಿ.

ಫೋಟೊದಲ್ಲಿ ಕಂದು ಚುಕ್ಕೆಯೊಂದೇ ಬಂದಿದೆ: ಕೆಂಪು ಸುತ್ತು ಹಾಕಿ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿ. ಊರಲ್ಲಿ ಉಳಿದ ದೊಡ್ಡಪ್ಪ "ಓ, ಹೌದು, ಬಾಲ ಕಾಣ್ತದೆ" ಎನ್ನುತ್ತಾರೆ. ತಿದ್ದಲು ಹೋಗಬೇಡಿ.