ಹರಾಜು ನಿಮ್ಮದು, ಗಲ್ಲಾಪೆಟ್ಟಿಗೆ ನಮ್ಮದು

(2008, ಆಸ್ಟ್ರೇಲಿಯಾ. ಹಳೆಯ ಟೀಪಾಟ್ ಮಾರಲು ಕೂತ ಒಬ್ಬಾತ. ಎದುರಿಗೆ ಆನ್‌ಲೈನ್ ಹರಾಜಿನ ಇಬೇ ತಾಣ, ಅದಕ್ಕೆ ಬಾಯಿ ಬಂದಿದೆ.)

ಮಾರುವವ: ಕೊಳ್ಳುವವರು ನೇರ ಬ್ಯಾಂಕ್ ಖಾತೆಗೇ ದುಡ್ಡು ಹಾಕ್ತಾರಂತೆ. ನನಗೂ ಖರ್ಚಿಲ್ಲ, ಅವರಿಗೂ ಇಲ್ಲ.

ತಾಣ: ಅದೇ ನೋಡಿ ತೊಂದರೆ. ಖರ್ಚಿಲ್ಲದ ಕಡೆ ಸುರಕ್ಷತೆ ಎಲ್ಲಿಂದ ಬರಬೇಕು? ಇನ್ನು ಮೇಲೆ ಆನ್‌ಲೈನ್ ಪಾವತಿ ಸೇವೆ ಪೇಪಾಲ್ ಮಾತ್ರ.

ಮಾರುವವ: ಚೆಕ್?

ತಾಣ: ಬೇಡ.

ಮಾರುವವ: ಮನಿಆರ್ಡರ್?

ತಾಣ: ಅಯ್ಯೋ, ಅಪಾಯ!

ಮಾರುವವ: ನಗದು?

ತಾಣ: ಓಹೋ, ಧಾರಾಳವಾಗಿ! ಅವರೇ ಬಂದು ಟೀಪಾಟ್ ಎತ್ತಿಕೊಂಡು ಹೋಗಲಿ.

ಮಾರುವವ: ನಾನು ಸಿಡ್ನಿ, ಅವರು ಪರ್ತ್. ನಡುವೆ ಇಡೀ ಖಂಡವೇ ಇದೆ ಸ್ವಾಮಿ.

ತಾಣ: ಆಯ್ಕೆ ಕೊಡೋದು ನಮ್ಮ ಕೆಲಸ, ದೂರ ಅಳೆಯೋದಲ್ಲ.

ಮಾರುವವ: ಅದಿರಲಿ, ಈ ಪೇಪಾಲ್ ಯಾರದ್ದು?

ತಾಣ: (ನಾಚಿ) ನಮ್ಮದೇ. 2002ರಲ್ಲಿ ಸುಮಾರು 150 ಕೋಟಿ ಡಾಲರಿಗೆ ಕೊಂಡದ್ದು.

ಮಾರುವವ: ಅಂದರೆ ಸರಕು ಪಟ್ಟಿಗೆ ಹಾಕಲು ಶುಲ್ಕ, ಮಾರಿದರೆ ಕಮಿಷನ್, ದುಡ್ಡು ಕೈಗೆ ಬರಲೂ ಶುಲ್ಕ. ಎಲ್ಲಾ ಒಂದೇ ಜೇಬಿಗೆ?

ತಾಣ: ಛೆ ಛೆ, ಜೇಬು ಎರಡು. ಪ್ಯಾಂಟು ಮಾತ್ರ ಒಂದೇ.

ಮಾರುವವ: ಮತ್ತೆ ಸ್ಪರ್ಧೆ?

ತಾಣ: ಹರಾಜಿನಲ್ಲಿ ಇದೆಯಲ್ಲ! ನೀವು ನೀವೇ ಬಡಿದಾಡಿ.

(ಇದರಲ್ಲಿ ಬಾಯಿ ಬಂದದ್ದೊಂದೇ ಕಟ್ಟುಕಥೆ, ನಿಯಮ ನಿಜದ್ದೇ. ಆಸ್ಟ್ರೇಲಿಯಾದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ ಜೂನ್‌ನಲ್ಲಿ ತಕರಾರು ತೆಗೆಯಿತು, ಜುಲೈನಲ್ಲಿ ಇಬೇ ಯೋಜನೆ ಕೈಬಿಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ತಾಣದಿಂದ ಚೆಕ್, ಮನಿಆರ್ಡರುಗಳನ್ನು ಹೊರಗೆ ಹಾಕಿತು.)