ಗೃಹಧನುಃಪೀಡನ ಮೀಮಾಂಸೆ

ಧನುರ್ವಿದ್ಯೆಯ ಪೂರ್ವಾಚಾರ್ಯರು ಬಿಲ್ಲು ಹಿಡಿಯುವ ಬಗೆ ಹೇಳಿದರು, ಬಾಣ ಬಿಡುವ ಬಗೆ ಹೇಳಿದರು. ಮನೆಯ ಗ್ಯಾರೇಜಿನಲ್ಲಿ ಬಿಲ್ಲನ್ನು ಅದುಮಿ ಹೆದೆ ಬಿಚ್ಚುವ ಬಗೆಯನ್ನು ಮಾತ್ರ ಹೇಳದೆ ಹೋದರು. ಇದರ ಫಲವನ್ನು ಮಿಥಿಲೆಯ ಸಭೆ ಕಣ್ಣಾರೆ ಕಂಡಿತು. ಬಿಲ್ಲು ಅದುಮುವ ಪ್ರೆಸ್ಸಿನ ನೆರವಿಲ್ಲದೆ ಹೆದೆಯೇರಿಸಲು ಹೋದ ಶ್ರೀರಾಮನ ಕೈಯಲ್ಲಿ ಶಿವಧನುಸ್ಸು ಮುರಿಯಿತು. ಅವನಿಗಾದರೋ ಸೀತೆ ದೊರೆತಳು. ಇಂದು ಅದೇ ಪರಾಕ್ರಮ ಮೆರೆದವನಿಗೆ ವಾರಂಟಿಯೂ ದಕ್ಕುವುದಿಲ್ಲ. ಆದ್ದರಿಂದ ಈ ಶಾಸ್ತ್ರ ಆರಂಭಿಸಲ್ಪಡುತ್ತಿದೆ.

೧. ವಿಷಯ ನಿರೂಪಣೆ

ಸಕಲ ಕ್ಲೇಶಗಳಿಗೂ ಮೂಲಪುರುಷ ಅಮೆರಿಕದ ಮಿಸೌರಿಯ ಹಾಲಿಸ್ ವಿಲ್ಬರ್ ಆಲನ್. ಈತ ಬಿಲ್ಲಿನ ತುದಿ ಕತ್ತರಿಸಿ ರಾಟೆ ಕಟ್ಟಿದ. 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದ. ಕಾಂಪೌಂಡ್ ಬಿಲ್ಲು ಹುಟ್ಟಿದ್ದು ಹೀಗೆ. ಇದರ ಮಹಿಮೆ ಏನೆಂದರೆ, 70 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದಾಗ ಕ್ಯಾಮ್ ಎಂಬ ರಾಟೆ ಹೊರಳಿ ಭಾರದ ಶೇ. 80ರಷ್ಟು ಇಳಿಯಿತೆಂದರೆ, ಬೆರಳಿಗೆ ಉಳಿಯುವುದು 14 ಪೌಂಡು ಮಾತ್ರ. ಸುಖ ಎಳೆಯುವವನಿಗೆ, ದುಃಖ ಬಿಲ್ಲಿನ ತೋಳುಗಳಾದ ಲಿಂಬ್‌ಗಳಿಗೆ. ಗೋಡೆಯ ಮೊಳೆಗೆ ನೇತುಹಾಕಿದಾಗಲೂ ಆ ಲಿಂಬ್‌ಗಳು ಬಿಗಿದೇ ಇರುತ್ತವೆ. ಹಳೆಯ ಬಿಲ್ಲಿನಂತೆ ಮೊಣಕಾಲಿಗೆ ಒತ್ತಿ ಹೆದೆ ಕಳಚುವ ಆಸೆ ಇಲ್ಲಿ ಸಲ್ಲದು. ಲಿಂಬ್‌ಗಳನ್ನು ಇನ್ನಷ್ಟು ಬಾಗಿಸಿ, ಹೆದೆ-ಕೇಬಲ್‌ಗಳನ್ನು ಸಡಿಲಗೊಳಿಸುವ ಯಂತ್ರವೇ ಪ್ರೆಸ್.

೨. ಅಧಿಕಾರಿ ವಿಚಾರ

ಯಾರಿಗೆ ಪ್ರೆಸ್ ಬೇಕು? ಗುರಿ ನೋಡುವ ಕಿಂಡಿಯಾದ ಪೀಪ್ ಸೈಟನ್ನು ಹೆದೆಯ ಎಳೆಗಳ ನಡುವೆ ಕೂರಿಸುವವನಿಗೆ; ಸವೆದ ಹೆದೆ ಬದಲಿಸುವವನಿಗೆ; ಎರಡು ಕ್ಯಾಮ್‌ಗಳಲ್ಲಿ ಒಂದು ಮುಂಚೆ, ಒಂದು ಆಮೇಲೆ ತಿರುಗುತ್ತಿದ್ದರೆ ಕೇಬಲ್ಲಿಗೆ ಅರ್ಧ ಸುತ್ತು ಹುರಿ ಕೊಟ್ಟು ಅವುಗಳನ್ನು ಸಮಕ್ಕೆ ತರುವವನಿಗೆ. ಹೆದೆಯ ಮೇಲಿನ ಪುಟ್ಟ ಕುಣಿಕೆಯಾದ ಡಿ-ಲೂಪ್ ಕಟ್ಟಲು ಬೇಡ, ಸೈಟ್ ಸರಿಪಡಿಸಲು ಬೇಡ. ಹೆದೆಗೆ ಮೇಣ ಹಚ್ಚಲು ಪ್ರೆಸ್ ಬೇಕೆನ್ನುವವನು ಅಧಿಕಾರಿಯಲ್ಲ, ಗಿರಾಕಿ.

ಕಾಲವೂ ವಿಚಾರಾರ್ಹ. ಮಿಸೌರಿಯಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆಯಾಡುವ ಋತು ಸೆಪ್ಟೆಂಬರ್ ಮಧ್ಯದಲ್ಲಿ ತೆರೆಯುತ್ತದೆ. ಜನವರಿಯಿಂದ ನಿದ್ದೆ ಮಾಡಿದ ಬಿಲ್ಲುಗಳೆಲ್ಲ ಆಗಸ್ಟ್ ಕೊನೆಗೆ ಒಟ್ಟಿಗೆ ಕಾಯಿಲೆ ಬಿದ್ದು ಅಂಗಡಿಯ ಮುಂದೆ ಸಾಲುಗಟ್ಟುತ್ತವೆ. ಸಾಲಿನ ಬಾಲದಲ್ಲಿ ನಿಂತವನಲ್ಲಿ ‘ಮನೆಯಲ್ಲೇ ಒಂದು ಪ್ರೆಸ್ ಇದ್ದಿದ್ದರೆ’ ಎಂಬ ವೈರಾಗ್ಯ ಮೂಡುತ್ತದೆ.

೩. ಪೂರ್ವಪಕ್ಷಗಳು

ಇಲ್ಲಿ ಮೂರು ಮತಗಳು.

ತಂತಿಮತ: ಲಿಂಬ್ ತುದಿಗಳಿಗೆ ಕೊಕ್ಕೆ ಸಿಕ್ಕಿಸಿ, ನಡುವಿನ ಉಕ್ಕಿನ ತಂತಿಯನ್ನು ಸ್ಕ್ರೂ ತಿರುಗಿಸಿ ಬಿಗಿಯಬೇಕು. ಅಗ್ಗದಲ್ಲಿ ಮುಗಿಯುತ್ತದೆ, ಬೇಟೆಯ ಚೀಲದೊಳಗೆ ಹಿಡಿಯುತ್ತದೆ. ಕಾಡಿನಲ್ಲಿ ಪೀಪ್ ಕಳಚಿಬಿದ್ದವನಿಗೆ ಇದೇ ಆಪದ್ಬಾಂಧವ. ಆದರೆ ಬಿಲ್ಲನ್ನು ತೊಡೆಯ ಮೇಲಿಟ್ಟು, ಒಂದು ಕೈಯಲ್ಲಿ ಪ್ರೆಸ್ ತಿರುಗಿಸಿ, ಇನ್ನೊಂದರಲ್ಲಿ ಹೆದೆ ಬಿಚ್ಚಿ, ಮೂರನೆಯದರಲ್ಲಿ ಕ್ಯಾಮ್ ಹಿಡಿಯಬೇಕಾಗುವುದರಿಂದ, ಈ ಮತ ಚತುರ್ಭುಜರಿಗೆ ಹೆಚ್ಚು ಹೊಂದುತ್ತದೆ.

ಬೆಂಚುಮತ: ಮೇಜಿಗೆ ಬೋಲ್ಟ್ ಹಾಕಿದ ಉದ್ದನೆಯ ಯಂತ್ರ, ಎರಡು ತುದಿಗಳ ‘ಬೆರಳು’ಗಳು ಲಿಂಬ್ ತುದಿಗಳನ್ನು ಹಿಡಿದು, ಹಿಡಿಕೆ ತಿರುಗಿಸಿದಂತೆ ಹತ್ತಿರ ಬರುತ್ತವೆ. ಎರಡೂ ಕೈ ಖಾಲಿ; ಜೇಬೂ ಹಲವು ನೂರು ಡಾಲರುಗಳಷ್ಟು ಖಾಲಿ.

ಜಾಕ್‌ಮತ: ‘ಕಾರು ಎತ್ತುವ ಜಾಕು ಬಿಲ್ಲನ್ನು ಬಾಗಿಸಲಾರದೇ?’ ಬಾಗಿಸುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ, ಬಹುಪಾಲು ಅದನ್ನು ತಿರುಗಿಸುವವನಿಗೂ ಗೊತ್ತಿಲ್ಲ. ಉಭಯ ಅಜ್ಞಾನದಿಂದ ಈ ಮತ ಖಂಡಿಸಲ್ಪಟ್ಟಿತು.

೪. ಸಿದ್ಧಾಂತ

ಮೂರೂ ಮತದವರು ಹಣದಿಂದ ಹೊರಟು ಬಿಲ್ಲಿಗೆ ಬರುತ್ತಾರೆ. ಶಾಸ್ತ್ರಸಮ್ಮತ ದಾರಿ ಲಿಂಬಿನಿಂದ ಹೊರಟು ಹಣಕ್ಕೆ ಹೋಗುವುದು. ಹಳೆಯ ಬಿಲ್ಲುಗಳ ಲಿಂಬ್‌ಗಳು ನೆಟ್ಟಗೆ ಚಾಚಿದ್ದವು. ಅವುಗಳಿಗಾಗಿ ನಡುಲಿಂಬನ್ನು ಒತ್ತುವ ಯಂತ್ರಗಳು ಬಂದವು. ಈಗಿನ ಲಿಂಬ್‌ಗಳು ಬಹುಮಟ್ಟಿಗೆ ಅಡ್ಡಡ್ಡ ಮಲಗಿವೆ. ಇವನ್ನು ನಡುವೆ ಒತ್ತಿದರೆ ಒತ್ತಡ ಒಂದೆಡೆ ಸೇರಿ ಲಿಂಬ್ ಸೀಳುವ ಭಯ. ತುದಿ ಹಿಡಿಯುವ ಬೆರಳೇ ಬೇಕು. ಲಿಂಬ್ ಎರಡಾಗಿ ಸೀಳಿದ ಮಾದರಿಯದಾದರೆ ಅದಕ್ಕೆ ಹೊಂದುವ ಬೆರಳು ಬೇಕು. ಎರಡು ಕ್ಯಾಮ್‌ಗಳ ಅಕ್ಷಗಳ ನಡುವಿನ ಅಂತರ ಬೇಟೆ ಬಿಲ್ಲಿನಲ್ಲಿ ಸುಮಾರು 30 ಇಂಚು, ಗುರಿ ಬಿಲ್ಲಿನಲ್ಲಿ 40ರ ಹತ್ತಿರ; ಎರಡಕ್ಕೂ ಯಂತ್ರ ಚಾಚಬೇಕು. ಬಿಲ್ಲಿನ ಕೈಪಿಡಿಯೇ ಇಲ್ಲಿ ಶ್ರುತಿ. ಮಾರುವವನ ಮಾತು ಸ್ಮೃತಿಯೂ ಅಲ್ಲ.

ಪ್ರಯೋಗವಿಧಿ ಇಂತು: ಕೈಪಿಡಿ ಹೇಳಿದ್ದರೆ ಮೇಲಿನ, ಕೆಳಗಿನ ಲಿಂಬ್ ಬೋಲ್ಟ್‌ಗಳನ್ನು ಸಮ ಸುತ್ತುಗಳಷ್ಟೇ ಸಡಿಲಿಸಬೇಕು, ಅದರ ಮಿತಿ ದಾಟಬಾರದು. ಬೆರಳುಗಳು ಎರಡೂ ತುದಿಯಲ್ಲಿ ಕೂತಿವೆಯೇ ಎಂದು ಕಣ್ಣಿನಿಂದ ನೋಡಿ, ಆಮೇಲೆ ಕೈಯಿಂದ ಮುಟ್ಟಿ ನೋಡಬೇಕು. ಹಿಡಿಕೆ ನಿಧಾನ ತಿರುಗಿಸುತ್ತ, ಬಿಗಿದ ಹೆದೆ ಜೋತುಬಿದ್ದ ಕ್ಷಣವೇ ನಿಲ್ಲಿಸಬೇಕು. ‘ಇನ್ನೊಂದು ಸುತ್ತು’ ಎಂಬುದು ಸರ್ವನಾಶದ ಬೀಜಮಂತ್ರ. ಈ ವೇಳೆ ಲಿಂಬಿನ ಮುಂದೆ ಮುಖ ಇಡುವವನು ತರ್ಕಕ್ಕೆ ಅರ್ಹನಲ್ಲ.

೫. ಫಲಶ್ರುತಿ

ಇದನ್ನು ಓದಿ ಯೋಗ್ಯ ಪ್ರೆಸ್ಸನ್ನು ಕೊಂಡವನಿಗೆ ಅಂಗಡಿಯ ಸಾಲು ತಪ್ಪುತ್ತದೆ, ಕ್ಯಾಮ್ ಸಮವಾಗುತ್ತದೆ, ಪೀಪ್ ಕಣ್ಣಿಗೆ ನೇರ ನಿಲ್ಲುತ್ತದೆ. ಆಗಸ್ಟ್ ಬರುತ್ತಿದ್ದಂತೆ ಊರಿನ ಬಿಲ್ಲುಗಾರರೆಲ್ಲ ಅವನ ನೆಂಟರೂ ಆಗುತ್ತಾರೆ. ‘ಒಂದು ನಿಮಿಷದ ಕೆಲಸ’ ಎಂದು ಒಬ್ಬನು, ‘ಹೇಗೂ ನಿಮ್ಮಲ್ಲಿ ಇದೆಯಲ್ಲ’ ಎಂದು ಮತ್ತೊಬ್ಬನು ಬಿಲ್ಲು ಇಟ್ಟು ಹೋಗುತ್ತಾರೆ. ಅವನ ಸ್ವಂತ ಬಿಲ್ಲಿನ ಸರದಿ ಮಾತ್ರ ಬೇಟೆಯ ಋತು ಮುಗಿದ ಮೇಲೆ ಬರುತ್ತದೆ. ಆದ್ದರಿಂದ ಕೊನೆಯ ವಿಧಿ: ಪ್ರೆಸ್ ಕೊಳ್ಳತಕ್ಕದ್ದು, ಕೊಂಡ ಸುದ್ದಿ ಕೊಡತಕ್ಕದ್ದಲ್ಲ.