ವಿಷಮಸಂಖ್ಯಾ ಮೀಮಾಂಸೆ, ಅಥವಾ ಮುಯ್ಯಿ ಲಕೋಟೆಯ ತತ್ತ್ವವಿಚಾರ

ಬೆಸಸಂಖ್ಯೆಗಳ ಮಾಂಗಲ್ಯಜನಕತ್ವವನ್ನು ಸಾಧಿಸುವ ಈ ಪ್ರಬಂಧಕ್ಕೆ ಮೂಲ ಆಕರ, ಮುಯ್ಯಿ ಹಾಕಲು ಅಂಗಡಿಯಲ್ಲಿ ಸಿಗುವ ಲಕೋಟೆ. ಅದರ ಮೇಲೆ ಮೊದಲೇ ಅಂಟಿಸಿಟ್ಟಿರುವ ಒಂದು ರೂಪಾಯಿ ನಾಣ್ಯ ನೂರನ್ನು ನೂರಾ ಒಂದಾಗಿಸುತ್ತದೆ. ಇದಕ್ಕೆ ಆಧಾರವಾದ ಶೇಷಾವಿಭಾಜ್ಯತಾವಾದದ ಪ್ರಕಾರ ಸಮಸಂಖ್ಯೆ ಎರಡು ಪಾಲಾಗುವುದರಿಂದ ದಂಪತಿಗಳೂ ಪಾಲಾಗುತ್ತಾರೆ. ಬೆಸದಲ್ಲಿ ಒಂದು ಮಿಗುವುದರಿಂದ ಸಂಸಾರ ನಿಲ್ಲುತ್ತದೆ. ದಂಪತಿಗಳೇ ಇಬ್ಬರಲ್ಲವೇ ಎಂದು ಕೇಳುವ ಪೂರ್ವಪಕ್ಷಿಗೆ ಊಟದ ಪಂಕ್ತಿ ತೋರಿಸಿ ಕಳಿಸಬೇಕು. ಆದರೂ ಅವನು ಬಿಡುವುದಿಲ್ಲ. ಜಪಮಣಿ 108, ಗೀತೆಯ ಅಧ್ಯಾಯ 18, ಉಪಚಾರ ಹದಿನಾರು, ಜ್ಯೋತಿರ್ಲಿಂಗ ಹನ್ನೆರಡು, ತೆಲುಗರ ಮುಯ್ಯಿ 1116: ಎಲ್ಲವೂ ಸಮವಲ್ಲವೇ ಎನ್ನುತ್ತಾನೆ. ಸಿದ್ಧಾಂತಿ ನಗುತ್ತಾನೆ. ಇವು ಗೂಢಬೆಸಗಳು; ಅಂಕಿಗಳನ್ನು ಕೂಡಿಸಿ ನೋಡು, 108ಕ್ಕೆ ಒಂಬತ್ತು, 18ಕ್ಕೆ ಒಂಬತ್ತು, 1116ಕ್ಕೂ ಒಂಬತ್ತು, ಹದಿನಾರಕ್ಕೆ ಏಳು, ಹನ್ನೆರಡಕ್ಕೆ ಮೂರು. ಸಭೆ ಚಪ್ಪಾಳೆ ತಟ್ಟುತ್ತದೆ. ಅದೇ ಕೂಡಿಕೆಯಲ್ಲಿ ನೂರಾ ಒಂದು ಎರಡಾಗುತ್ತದೆ, ಸಾವಿರದ ಒಂದೂ ಎರಡಾಗುತ್ತದೆ, ಐನೂರ ಒಂದು ಆರಾಗುತ್ತದೆ ಎಂಬುದನ್ನು ಸಭೆಯಲ್ಲಿ ಯಾರೂ ಕೂಡಿಸಿ ನೋಡುವುದಿಲ್ಲ. ಬೇಕಾದಲ್ಲಿ ಕೂಡಿಸುವುದು, ಬೇಡವಾದಲ್ಲಿ ಬಿಡುವುದು: ಈ ಶಾಸ್ತ್ರಕ್ಕೆ ಇರುವುದು ಇದೊಂದೇ ಸೂತ್ರ.

ಇನ್ನು ವರ್ಗೀಕರಣ. ಬೆಸಗಳು ಪೂಜ್ಯಬೆಸ, ತ್ಯಾಜ್ಯಬೆಸ, ಸಂದರ್ಭಾವಚ್ಛಿನ್ನೋಭಯಬೆಸ ಎಂದು ಮೂರು ವಿಧ. ತಾಳಿಗೆ ಮೂರು ಗಂಟು, ಬಿಲ್ವಕ್ಕೆ ಮೂರು ದಳ, ಆದ್ದರಿಂದ ಮೂರು ಪೂಜ್ಯ. ಹೆಣ್ಣು ನೋಡಲು ಮೂವರು ಹೊರಟರೆ ಕೆಲಸ ಕೆಡುತ್ತದೆ, ಆದ್ದರಿಂದ ಮೂರು ತ್ಯಾಜ್ಯ. ನಾಲ್ಕನೆಯವರು ಸಿಗದಿದ್ದರೆ ಒಂದು ಕಲ್ಲನ್ನು ಜೇಬಿಗೆ ಹಾಕಿಕೊಂಡು ಹೊರಡುವುದುಂಟು. ನಿಯೋಗದಲ್ಲಿ ಬಾಯಿ ಮುಚ್ಚಿಕೊಂಡಿರುವ ಸದಸ್ಯ ಅದೊಂದೇ. ದಕ್ಷಿಣೆಯಲ್ಲಿ ಹನ್ನೊಂದು ಶುಭ, ಸಾವಿನ ಮನೆಯಲ್ಲಿ ಹನ್ನೊಂದನೆಯ ದಿನ ಬೇರೆಯೇ ಮಾತು. ಮೂರನೆಯ ವಿಧದ ಲಕ್ಷಣ ಬರೆಯಹೊರಟರೆ ಮೊದಲೆರಡೂ ಅದರೊಳಕ್ಕೇ ಬೀಳುತ್ತವೆ, ಆದ್ದರಿಂದ ವರ್ಗೀಕರಣವನ್ನು ಇಲ್ಲಿಗೇ ಬಿಟ್ಟಿದ್ದೇನೆ.

ಇದರಿಂದ ಯಾರಿಗೇನು ನಷ್ಟ, ಒಂದು ರೂಪಾಯಿ ತಾನೇ ಎಂಬ ಆಕ್ಷೇಪ ನ್ಯಾಯವಾದದ್ದು. ನಾಣ್ಯದ ಮೇಲೆ ನನಗೂ ಸಿಟ್ಟಿಲ್ಲ. ಕೈಬಿಚ್ಚಿ ಕೊಡುವಾಗ ಇನ್ನೊಂದು ಸೇರಿಸುವುದರಲ್ಲಿ ಒಂದು ಚಂದವೂ ಇದೆ. ಸಿಟ್ಟಿರುವುದು ಅದಕ್ಕೆ ‘ವೈಜ್ಞಾನಿಕ ಕಾರಣ’ ಹೇಳುವವರ ಮೇಲೆ. ಬೆಳಗ್ಗೆ ಟೀವಿಯಲ್ಲಿ ಕೂತು ಬೆಸಸಂಖ್ಯೆಯ ಕಂಪನ, ಅಯಸ್ಕಾಂತ ಶಕ್ತಿ ಎನ್ನುವವರು ಲೆಕ್ಕವನ್ನೂ ಕೆಡಿಸಿದರು, ನಂಬಿಕೆಯನ್ನೂ ಕೆಡಿಸಿದರು. ಅದೂ ಹೋಗಲಿ. ಮದುವೆಮನೆಯಲ್ಲಿ ಐದು ಜನ ಮುತ್ತೈದೆಯರು ಬೇಕು ಎನ್ನುವಾಗ ನಡೆಯುವುದು ಯಾವ ಎಣಿಕೆ? ಆರತಿ ತಟ್ಟೆಗೆ ನಾಲ್ವರಿದ್ದಾರೆ, ಇನ್ನೊಬ್ಬರು ಬೇಕು. ಪಕ್ಕದ ಬೀದಿಯಿಂದ ಹೆಸರೇ ಗೊತ್ತಿಲ್ಲದ ಹೆಂಗಸೊಬ್ಬಳನ್ನು ಕರೆತರುತ್ತಾರೆ. ವರನನ್ನು ಹೆತ್ತವಳು ಬಾಗಿಲ ಹಿಂದೆ ನಿಂತಿರುತ್ತಾಳೆ. ಗಂಡ ಸತ್ತಿದ್ದಾನೆ, ಆದ್ದರಿಂದ ಅವಳು ಸಂಖ್ಯೆಯೇ ಅಲ್ಲ. ಕಲ್ಲನ್ನು ನಾಲ್ಕನೆಯವನೆಂದು ಎಣಿಸಲು ಅನುಮತಿ ಕೊಡುವ ಶಾಸ್ತ್ರ ತಾಯಿಯನ್ನು ಐದನೆಯವಳೆಂದು ಎಣಿಸಲು ಕೊಡುವುದಿಲ್ಲ. ಇದಕ್ಕೆ ಪರಿಭಾಷೆ ಕಟ್ಟುವ ಉತ್ಸಾಹ ನನಗಿಲ್ಲ, ಕಟ್ಟಬಾರದು ಕೂಡ. ನಿಮ್ಮ ಮನೆಯ ಮುಂದಿನ ಶುಭಕಾರ್ಯದಲ್ಲಿ ಐದೋ ಏಳೋ, ಎಷ್ಟು ಬೇಕಾದರೂ ಎಣಿಸಿಕೊಳ್ಳಿ. ಆ ತಾಯಿಯಿಂದ ಶುರುಮಾಡಿ.